ಕನ್ಹೇರಿಯ ತೊರೆಗೆ ಎಷ್ಟು ಶಟರ್?

ಬೊರಿವಲಿ ಕಾಡಿನ ಕನ್ಹೇರಿ ತೊರೆಗೆ ಒಂದು ಸೆಕೆಂಡ್ ಶಟರ್ ಸರಿಯೇ ಎಂದು ಕೇಳಿದ್ದೀರಿ. ಅತಿಯಾಯಿತು, 1/8ರಿಂದ 1/4 ಸೆಕೆಂಡ್ ಸಾಕು. ಒಂದು ಮೀಟರ್ ಎತ್ತರದಿಂದ ಬೀಳುವ ಹನಿ ಕೊನೆಯ 1/4 ಸೆಕೆಂಡಿನಲ್ಲೇ ಮುಕ್ಕಾಲು ಮೀಟರಿಗೂ ಹೆಚ್ಚು ಕ್ರಮಿಸುತ್ತದೆ, ಅಂದರೆ ಹರಿವಿನ ಗೆರೆ ಆಗಲೇ ಮೂಡಿರುತ್ತದೆ. ಇನ್ನೂ ಕಾದರೆ ಗೆರೆಗಳು ಒಂದರೊಳಗೊಂದು ಕರಗುತ್ತವೆ, ಗಾಳಿಗೆ ಎಲೆಗಳೂ ಕಲಸಿಹೋಗುತ್ತವೆ. ಹಾಲಿನಂಥ ನೀರೇ ಚೆಂದವಲ್ಲವೇ ಎನ್ನಬಹುದು. ತುಂಬಿ ಧುಮುಕುವ ಜೋಗಕ್ಕೆ ಒಪ್ಪೀತು. ಇಲ್ಲಿಯ ತೆಳು ನೀರಿನ ಸಂದುಗಳಲ್ಲಿ ಕಪ್ಪು ಬಂಡೆ ಇಣುಕುವುದರಿಂದ ಹಾಲಲ್ಲ, ಬೂದು ಮಂಜು ಸಿಗುತ್ತದೆ. 1/4 ಸೆಕೆಂಡ್ ಶಟರಿಗೆ ಬೆಳಕು ತಗ್ಗಿಸುವ ದುಬಾರಿ ಎನ್‌ಡಿ ಫಿಲ್ಟರ್ ಬೇಕೇ? ಜುಲೈ ಮೋಡದಡಿ, ಮರಗಳ ನೆರಳಲ್ಲಿ ಐಎಸ್‌ಒ 100, ಎಫ್/11 ಇಟ್ಟರೆ ಶಟರ್ ತಾನಾಗಿಯೇ ಹೆಚ್ಚುಕಡಿಮೆ ಅಲ್ಲಿಗೇ ಇಳಿಯುತ್ತದೆ. ಟ್ರೈಪಾಡ್ ಮಾತ್ರ ಬೇಕು, ಅದಕ್ಕೆ ಅನುಮತಿಯನ್ನು ಗೇಟಿನಲ್ಲೇ ವಿಚಾರಿಸಿಕೊಳ್ಳಿ.