ಮಸ್ಕಿಯಿಂದ ಲುಂಬಿನಿಗೆ, ಬೆನ್ನಿಗೊಂದು ಚೀಲ

ನೇಪಾಳಕ್ಕೆ ಹೋಗಲು ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೂ ಮತದಾರರ ಗುರುತಿನ ಚೀಟಿ ಇದ್ದರೆ ನಡೆಯುತ್ತದೆ. ಹೈದರಾಬಾದಿನವರೆಗೆ ಬಸ್ಸು, ಸಿಕಂದರಾಬಾದಿನಿಂದ ಗೋರಖಪುರಕ್ಕೆ ರೈಲು, ಅಲ್ಲಿಂದ ನೂರು ಕಿಲೋಮೀಟರಿನೊಳಗೆ ಸೋನೌಲಿ ಗಡಿ. ಅಲ್ಲಿನ ಕಮಾನು ದಾಟಿದರೆ ಬೇರೆ ದೇಶ. ಇಷ್ಟು ಸಲೀಸಾದ ವಿದೇಶಕ್ಕೆ ನಮ್ಮ ಕಡೆಯ ಹೆಣ್ಣುಮಕ್ಕಳು ಯಾಕೆ ಹೋಗುವುದಿಲ್ಲ ಎಂದು ಕೇಳಿದರೆ ದುಡ್ಡಿನ ಮಾತು ಆಮೇಲೆ ಬರುತ್ತದೆ. ಮೊದಲು ಬರುವುದು, "ಯಾರ ಜೋಡಿ ಹೊಂಟೀರಿ? ಎಲ್ಲಿ ಇಳಕೋತೀರಿ?" ಎಂಬ ಪ್ರಶ್ನೆ.

ನಾವು ಮೂವರು ಗೆಳತಿಯರು. ಸಿಂಧನೂರಿನವಳು ರೈಸ್ ಮಿಲ್ಲೊಂದರ ಲೆಕ್ಕ ಬರೆಯುತ್ತಾಳೆ. ಲಿಂಗಸುಗೂರಿನವಳು ನರ್ಸ್, ಅವಳ ತಂದೆ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದವರು. ನಾನು ಮಸ್ಕಿಯವಳು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಲಬುರಗಿಯಲ್ಲಿ ಓದುವಾಗ ಸರ್ಕಾರಿ ಹಾಸ್ಟೆಲ್ಲಿನ ಒಂದೇ ಖೋಲಿಯಲ್ಲಿದ್ದೆವು. ಟ್ರಂಕಿಗೆ ಟ್ರಂಕು ತಾಗಿಸಿ ಮಲಗಿ, ಬೆಳಗಿನ ಬಕೆಟ್ಟಿಗೆ ಪಾಳಿ ಹಚ್ಚಿ ಬೆಳೆದ ನಮಗೆ, ನೇಪಾಳದ ಪ್ರವಾಸಿ ಹಾಸ್ಟೆಲ್ಲುಗಳಲ್ಲಿ ಒಂದೇ ಕೋಣೆಯಲ್ಲಿ ಎಂಟು ಹಾಸಿಗೆ ಇರುತ್ತವೆ ಎಂದಾಗ ಹೆದರಿಕೆಯೇ ಆಗಲಿಲ್ಲ. ಹೆದರಿದ್ದು ಮನೆಯವರು.

ನನ್ನ ಅವ್ವನ ಜೊತೆ ನಡೆದ ಮಾತು ಇನ್ನೂ ನೆನಪಿದೆ.

"ಹೆಣ್ಣುಮಕ್ಕಳದ್ದೇ ಬ್ಯಾರೆ ಖೋಲಿ ಐತಿ ಅವ್ವಾ."

"ಸಾಮಾನು ಎಲ್ಲಿ ಇಡತೀರಿ?"

"ಹಾಸಿಗಿಗೊಂದು ಕಪಾಟು ಕೊಡತಾರ. ಕೀಲಿ ನಾವ ಒಯ್ಯಬೇಕು."

"ಹಂಗಿದ್ರ ದೊಡ್ಡ ಕೀಲಿ ಒಯ್ಯಿ ಯವ್ವಾ."

ಕೀಲಿಯ ಬಗ್ಗೆ ಅವ್ವ ಹೇಳಿದ್ದು ಸರಿಯೇ, ಆದರೆ ದೊಡ್ಡದು ಆ ಕಪಾಟಿನ ಕೊಂಡಿಗೆ ಹಿಡಿಸುವುದಿಲ್ಲ. ತೆಳು ಕೊಂಡಿಯ ಸಣ್ಣ ಕೀಲಿಯೇ ಬೇಕು. ಮನೆಯವರನ್ನು ಒಪ್ಪಿಸಿದ್ದು ನಮ್ಮ ವಾದಗಳಿಗಿಂತ ಒಂದು ಹಾಳೆ. ಯಾವ ತಾರೀಖು ಯಾವ ಊರು, ಯಾವ ಹಾಸ್ಟೆಲ್, ಅದರ ಫೋನ್ ನಂಬರು, ಮೂವರ ಮನೆಯವರ ನಂಬರು, ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದೆವು. ಓದಲು ಬಾರದ ಅವ್ವ ದಿನಾಲೂ ಸಂಜೆ ಪಕ್ಕದ ಮನೆಯ ಹುಡುಗನ ಕೈಲಿ ಅದನ್ನು ಓದಿಸಿ, "ಇವತ್ತ ಪೋಖರಾ" ಎಂದು ಓಣಿಗೆಲ್ಲ ಹೇಳುತ್ತಿದ್ದಳಂತೆ. ಹೋಗುವ ಹೆಣ್ಣುಮಕ್ಕಳಿಗೆ ನಾನು ಕೊಡುವ ಮೊದಲ ಸಲಹೆ ಈ ಹಾಳೆಯೇ.

ದುಡ್ಡಿನ ವಿಚಾರ ಸರಳ. ಭಾರತದ ನೂರು ರೂಪಾಯಿಗೆ ನೇಪಾಳದ ನೂರಾ ಅರವತ್ತು. 1993ರಿಂದ ಈ ದರ ಬದಲಾಗಿಲ್ಲ. ಗಡಿ ದಾಟಿದ ಕೂಡಲೇ ಕಿವಿಗೆ ಬೀಳುವ ಎರಡು ಮಾತು ಐಸಿ ಮತ್ತು ಎನ್‌ಸಿ. ನಮ್ಮ ರೂಪಾಯಿ ಐಸಿ, ಅವರದ್ದು ಎನ್‌ಸಿ. ಆಟೋ ಹತ್ತುವ ಮೊದಲು, ಚಹಾ ಕುಡಿಯುವ ಮೊದಲು, ಹೇಳಿದ ರೇಟು ಯಾವುದರಲ್ಲಿ ಎಂದು ಕೇಳಿಕೊಳ್ಳಬೇಕು. ನಾವು ನೂರರ ನೋಟುಗಳನ್ನೇ ಒಯ್ದಿದ್ದೆವು, ದೊಡ್ಡ ನೋಟು ಮುಟ್ಟಲು ಅಂಗಡಿಯವರು ಹಿಂದೇಟು ಹಾಕುತ್ತಿದ್ದರು. ಮೂವರೂ ಸಮಸಮ ಹಾಕಿ ಒಂದು ಬಟ್ಟೆಚೀಲ ಮಾಡಿ ಸಿಂಧನೂರಿನವಳ ಕೈಗೆ ಕೊಟ್ಟೆವು. ಊಟ, ಬಸ್ಸು, ಹಾಸಿಗೆಯ ಬಾಡಿಗೆ ಎಲ್ಲ ಅದರಿಂದಲೇ. ಖರೀದಿ ಮಾತ್ರ ಅವರವರದು. ಗೆಳೆತನ ಕೆಡುವುದು ಹೆಚ್ಚಾಗಿ ಇಪ್ಪತ್ತು, ಮೂವತ್ತು ರೂಪಾಯಿಯ ಬಾಕಿಯಲ್ಲಿ. ಆ ಚೀಲ ನಮ್ಮನ್ನು ಅದರಿಂದ ದೂರ ಇಟ್ಟಿತು.

ಗಡಿಯಿಂದ ಭೈರಹವಾ ಮೂಲಕ ನೇರ ಲುಂಬಿನಿಗೆ ಹೋದೆವು. ಅಲ್ಲಿ ಬೇರೆ ಬೇರೆ ದೇಶದವರು ಕಟ್ಟಿದ ವಿಹಾರಗಳಿವೆ. ಕೊರಿಯಾದ ವಿಹಾರದಲ್ಲಿ ಯಾತ್ರಿಕರಿಗೆ ಕಡಿಮೆ ದುಡ್ಡಿನಲ್ಲಿ ಹಾಸಿಗೆಯೂ ಸಸ್ಯಾಹಾರವೂ ಸಿಗುತ್ತದೆ. ಪಾಳಿಯಲ್ಲಿ ನಿಂತು ಅನ್ನ, ಪಲ್ಯ, ಖಾರದ ಎಲೆಕೋಸು ಬಡಿಸಿಕೊಂಡು, ಉಂಡ ತಟ್ಟೆಯನ್ನು ತಾವೇ ತೊಳೆದಿಡಬೇಕು. ತಟ್ಟೆಯಲ್ಲಿ ಅಗುಳು ಬಿಡುವಂತಿಲ್ಲ. ಭತ್ತದ ಊರಿನ ನಮ್ಮ ಸಿಂಧನೂರಿನವಳಿಗೆ ಆ ನಿಯಮ ಬಹಳ ಹಿಡಿಸಿತು.

ಮರುದಿನ ಬೆಳಿಗ್ಗೆ ಮಾಯಾದೇವಿ ಗುಡಿಯ ಪಕ್ಕದ ಅಶೋಕಸ್ತಂಭದ ಮುಂದೆ ನಿಂತೆವು. ಕಬ್ಬಿಣದ ಬೇಲಿಯಾಚೆ ನಯವಾದ ಕಲ್ಲು, ಅದರ ಮೇಲೆ ಕೆಲವೇ ಸಾಲು ಬ್ರಾಹ್ಮಿ. ಅಕ್ಷರಗಳು ಈಗ ಕೊರೆದಷ್ಟು ಚೊಕ್ಕ. ಪಟ್ಟವೇರಿದ ಇಪ್ಪತ್ತನೇ ವರ್ಷದಲ್ಲಿ ರಾಜ ಖುದ್ದಾಗಿ ಇಲ್ಲಿಗೆ ಬಂದ, ಬುದ್ಧ ಹುಟ್ಟಿದ ಊರೆಂದು ಪೂಜಿಸಿದ, ಊರಿನ ಒಂದು ತೆರಿಗೆ ಬಿಟ್ಟು ಬೆಳೆಯ ಪಾಲನ್ನು ಎಂಟರಲ್ಲೊಂದಕ್ಕೆ ಇಳಿಸಿದ ಎಂದು ಅದು ಹೇಳುತ್ತದೆ. ಆದರೆ ಅಲ್ಲಿ ಅಶೋಕ ಎಂಬ ಹೆಸರಿಲ್ಲ. ದೇವಾನಾಂಪ್ರಿಯ ಪ್ರಿಯದರ್ಶಿ ಎಂದಷ್ಟೇ ಇದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ ಮೇಲೂ ಈ ಪ್ರಿಯದರ್ಶಿಯೇ ಅಶೋಕ ಎನ್ನಲು ಆಧಾರವಾಗಿದ್ದದ್ದು ಸಿಂಹಳದ ಗ್ರಂಥಗಳು. ಕಲ್ಲಿನ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ನಮ್ಮ ಮಸ್ಕಿಯ ಗುಡ್ಡದಲ್ಲಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಕಂಡ ಆ ಶಾಸನದಲ್ಲಿ ಅಶೋಕನ ಹೆಸರು ನೇರವಾಗಿ ಬಂದಿದೆ. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು.

ಇದನ್ನು ವರ್ಷವರ್ಷವೂ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆದರೆ ಆ ಸ್ತಂಭದ ಬುಡದಲ್ಲಿ ನಿಂತು, ಇದೇ ರಾಜ ನಮ್ಮೂರಿನ ಬಂಡೆಗೂ ಮಾತು ಬರೆಸಿದ್ದನಲ್ಲ ಎಂದು ನೆನೆದಾಗ ನನಗೆ ಕಣ್ಣು ತುಂಬಿ ಬಂತು. ಆ ರಾತ್ರಿ ಪಕ್ಕದ ಹಾಸಿಗೆಯ ಕೊರಿಯನ್ ಹುಡುಗಿ, ನಿಮ್ಮ ಊರು ಯಾವುದು ಎಂದು ಕೇಳಿದಳು. ಬೆಂಗಳೂರಿನ ಹತ್ತಿರ ಎಂದು ಹೇಳಿ ಮುಗಿಸುವ ರೂಢಿ ನಮ್ಮಲ್ಲಿದೆ. ನಾನು ಮಸ್ಕಿ ಎಂದೆ. ಫೋನಿನಲ್ಲಿದ್ದ ಶಾಸನದ ಚಿತ್ರ ತೋರಿಸಿ, ನೀನು ಬೆಳಿಗ್ಗೆ ನೋಡಿದ ಕಂಬದ ರಾಜನ ಹೆಸರು ನಮ್ಮೂರ ಕಲ್ಲಿನಲ್ಲಿದೆ ಎಂದು ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಲಿಂಗಸುಗೂರಿನವಳು ಹಟ್ಟಿಯ ಚಿನ್ನದ ಕಥೆ ತೆಗೆದಳು. ದೀಪ ಆರಿಸುವ ಹೊತ್ತಾದರೂ ಆ ಹುಡುಗಿ ಪ್ರಶ್ನೆ ನಿಲ್ಲಿಸಲಿಲ್ಲ. ಹಾಸ್ಟೆಲ್ ವಾಸದಲ್ಲಿ ಅಗ್ಗದ ಹಾಸಿಗೆಗಿಂತ ದೊಡ್ಡ ಲಾಭ ಇದು. ಲಾಡ್ಜಿನ ಖೋಲಿಯಲ್ಲಿ ನಿಮ್ಮೂರು ಯಾವುದೆಂದು ಯಾರೂ ಕೇಳುವುದಿಲ್ಲ.

ಲುಂಬಿನಿಯಿಂದ ಪೋಖರಾಕ್ಕೆ ಹೋದೆವು. ಅಲ್ಲಿನ ಹಾಸ್ಟೆಲಿನಲ್ಲಿ ಇನ್ನಷ್ಟು ಕಲಿತೆವು. ಬುಕ್ ಮಾಡುವಾಗ ಹೆಂಗಸರೇ ಬರೆದ ಅಭಿಪ್ರಾಯಗಳನ್ನು ಹುಡುಕಿ ಓದಬೇಕು. ಮೊದಲ ರಾತ್ರಿಗೆ ಮಾತ್ರ ದುಡ್ಡು ಕಟ್ಟಿ, ಕಣ್ಣಾರೆ ನೋಡಿ, ಹಿಡಿಸಿದರೆ ಮುಂದುವರಿಸಬೇಕು. ನಸುಕಿನ ಬಸ್ಸಿದ್ದರೆ ಚೀಲವನ್ನು ಹಿಂದಿನ ರಾತ್ರಿಯೇ ಕಟ್ಟಿಡಬೇಕು. ಮಲಗಿದವರ ನಡುವೆ ಪ್ಲಾಸ್ಟಿಕ್ ಚೀಲದ ಸದ್ದು ಬಹಳ ದೊಡ್ಡದು. ಮನೆಗೆ ಫೋನ್ ಮಾಡಲು ಹೊರಗೆ ಹೋಗಬೇಕು, ಏಕೆಂದರೆ ನಮ್ಮ ಕಡೆ ಫೋನಿನಲ್ಲಿ ಮೆಲ್ಲಗೆ ಮಾತಾಡುವುದು ಯಾರಿಗೂ ಬರುವುದಿಲ್ಲ. ಮೂವರೂ ಒತ್ತೊತ್ತಿನ ಹಾಸಿಗೆ ಕೇಳದೆ ಬೇರೆ ಬೇರೆ ಮೂಲೆಯಲ್ಲಿ ಮಲಗಿದ ರಾತ್ರಿಗಳಲ್ಲೇ ಹೊಸಬರ ಪರಿಚಯ ಆದದ್ದು.

ಪೋಖರಾ ಬಳಿಯ ಸಾರಂಗಕೋಟ ಗುಡ್ಡದಿಂದ ಸೂರ್ಯೋದಯ ನೋಡಲು ಇಬ್ಬರು ನಸುಕಿನಲ್ಲೆದ್ದು ಹೊರಟರೆ, ರಾತ್ರಿಪಾಳಿ ಮಾಡಿ ದಣಿದಿದ್ದ ನರ್ಸಮ್ಮ ನಿದ್ದೆಯೇ ಬೇಕೆಂದಳು. ಒತ್ತಾಯ ಮಾಡಲಿಲ್ಲ. ಬೆಳಗಿನ ಬಿಸಿಲು ಮಚ್ಛಪುಚ್ಛ್ರೆಯ ತುದಿಗೆ ತಾಗಿದ್ದನ್ನು ನಾವು ಕಂಡೆವು. ಅವಳು ಫೇವಾ ಕೆರೆಯ ದಂಡೆಯಲ್ಲಿ ಮಧ್ಯಾಹ್ನ ಒಬ್ಬಳೇ ಕೂತು ಅದೇ ಶಿಖರವನ್ನು ನೋಡಿದಳು. ಅರ್ಧ ದಿನ ಬೇರೆಯಾದರೆ ಉಳಿದರ್ಧ ದಿನ ಮಾತು ಚಂದ ಇರುತ್ತದೆ.

ಊಟಕ್ಕೆ ಅಂಜಬೇಕಿಲ್ಲ. ದಾಲ್ ಭಾತ್ ಎಲ್ಲೆಡೆ ಸಿಗುತ್ತದೆ, ಅನ್ನ ಬೇಳೆ ಮತ್ತೆ ಮತ್ತೆ ಬಡಿಸುತ್ತಾರೆ. ರಾಗಿಹಿಟ್ಟಿನಿಂದ ಮಾಡುವ ಢಿಂಡೊ ಉಂಡರೆ ಮುದ್ದೆ ಉಂಡಂತೆಯೇ. ನಾವು ಒಯ್ದ ಖಡಕ್ ರೊಟ್ಟಿ ಬಸ್ಸಿನ ಕುಲುಕಾಟಕ್ಕೆ ಚೂರಾಗಿದ್ದರೂ ಶೇಂಗಾ ಚಟ್ನಿ, ಗುರೆಳ್ಳು ಪುಡಿಯ ಜೊತೆ ಕೊನೆಯ ಚೂರಿನವರೆಗೂ ಉಪಯೋಗಕ್ಕೆ ಬಂತು. ಪೋಖರಾದಿಂದ ಕಠ್ಮಂಡುವಿಗೆ ಹೋಗುವ ದಾರಿಯಲ್ಲಿ ಮಣ್ಣು ಕುಸಿದು ವಾಹನಗಳು ತಾಸುಗಟ್ಟಲೆ ನಿಂತಾಗ ನಮ್ಮ ಜೊತೆಗೆ ಹಿಂದಿನ ಸೀಟಿನ ತಾಯಿ ಮಕ್ಕಳ ಹಸಿವನ್ನೂ ಅದೇ ನೀಗಿಸಿತು. ಬೆಟ್ಟದ ರಸ್ತೆಯ ಪ್ರವಾಸದಲ್ಲಿ ಕೈಯಲ್ಲೊಂದು ಹೆಚ್ಚಿನ ದಿನ ಇಟ್ಟುಕೊಳ್ಳಲೇಬೇಕು.

ಕಠ್ಮಂಡುವಿನ ಪಶುಪತಿನಾಥನ ಪೂಜೆಗೆ ಪರಂಪರೆಯಿಂದ ಕರ್ನಾಟಕದ ಭಟ್ಟರು ಹೋಗುತ್ತಾರೆ. ನಮ್ಮ ನಾಡಿನ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. 1097ರಲ್ಲಿ ನಾನ್ಯದೇವ ಎಂಬಾತ ನೇಪಾಳದ ತೆರಾಯಿಯ ಸಿಮ್ರೌನ್‌ಗಢದಲ್ಲಿ ರಾಜ್ಯ ಕಟ್ಟಿದ. ಅವನ ವಂಶದ ಹೆಸರೇ ಕರ್ನಾಟ. ಚಾಲುಕ್ಯರ ದಂಡಿನ ಜೊತೆ ಉತ್ತರಕ್ಕೆ ಹೋದವರು ಇವರು ಎನ್ನುತ್ತಾರೆ ಇತಿಹಾಸಕಾರರು. ನಡೆದೋ ಕುದುರೆ ಏರಿಯೋ ನಮ್ಮವರು ಹೋದ ನಾಡಿಗೆ ರೈಲಿನಲ್ಲಿ ಹೋಗಲು ನಾವು ಇಷ್ಟು ಹಿಂಜರಿಯಬಾರದು.

ಹೊರಡುವವರು ಒಂದು ಮಾತು ಗಮನದಲ್ಲಿಡಿ. ನಮ್ಮ ದಸರೆಯ ಹೊತ್ತಿಗೇ ಅಲ್ಲಿ ದಶೈಂ ಹಬ್ಬ. ಜನ ಊರುಗಳಿಗೆ ಹೊರಡುವುದರಿಂದ ಬಸ್ಸಿನಲ್ಲಿ ಸೀಟು ಸಿಗುವುದು ಕಷ್ಟ, ಎಷ್ಟೋ ಅಂಗಡಿ ಮುಚ್ಚಿರುತ್ತವೆ. ದೀಪಾವಳಿ ಮುಗಿಸಿ ಹೋದರೆ ಆಕಾಶವೂ ತಿಳಿ, ದಾರಿಯೂ ಸಲೀಸು.

ಇನ್ನು ನಮ್ಮ ಮೂರು ತಾಲ್ಲೂಕಿನ ಅಪ್ಪ ಅವ್ವಂದಿರಲ್ಲಿ ಒಂದು ಕೇಳಿಕೆ. ಮಗಳು ಗೆಳತಿಯರ ಜೊತೆ ಹೋಗಿಬರುತ್ತೇನೆ ಎಂದಾಗ ಮೊದಲೇ ಬೇಡ ಎನ್ನಬೇಡಿ. ಎಲ್ಲಿ ಇಳಿದುಕೊಳ್ಳುತ್ತಾಳೆಂದು ಕೇಳಿ, ಹಾಳೆಯಲ್ಲಿ ಬರೆಸಿಕೊಳ್ಳಿ, ನೀವೇ ಅಲ್ಲಿಗೊಂದು ಫೋನ್ ಮಾಡಿ. ಮನಸ್ಸಿಗೆ ಸಮಾಧಾನವಾದರೆ ರೊಟ್ಟಿ ಕಟ್ಟಿಕೊಟ್ಟು ಕಳಿಸಿರಿ.