ಆಯಿಲ್ ದೀಪ ಉರಿದಾಗ: ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

ಕಾಫಿ ಕೊಯ್ಲೂ ಅಡಿಕೆ ಕೊಯ್ಲೂ ಒಂದರ ಬೆನ್ನಿಗೆ ಒಂದು ಬರುವ ದಿನಗಳಲ್ಲಿ ಜೀಪು ಅಥವಾ ಪಿಕಪ್ಪು ಒಂದು ವಾರ ನಿಂತರೆ ಏನಾಗುತ್ತದೆ ಎಂಬುದನ್ನು ಸದಸ್ಯ ಬಾಂಧವರಿಗೆ ವಿವರಿಸಬೇಕಾಗಿಲ್ಲ. ಅಂಥ ವಾಹನದ ಎಂಜಿನ್ನನ್ನು ಕೆಡಿಸಿಕೊಳ್ಳಲು ಇರುವ ಹತ್ತಿರದ ದಾರಿಯೆಂದರೆ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ಅಲಕ್ಷಿಸುವುದು. "ಅದು ಯಾವಾಗಲೂ ಹಾಗೇ ಉರಿಯುತ್ತೆ, ಸೆನ್ಸರ್ ಕೆಟ್ಟಿದೆ ಅಷ್ಟೇ" ಎಂಬ ಮಾತನ್ನು ನಾವು ಸಂಘದ ಅಂಗಳದಲ್ಲಿ ಆಗಾಗ ಕೇಳುತ್ತೇವೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಕೆಟ್ಟಿದೆಯೆಂದು ಊಹಿಸುವುದು ಬೇರೆ, ಪರೀಕ್ಷಿಸಿ ತಿಳಿಯುವುದು ಬೇರೆ.

ನಮ್ಮ ಸದಸ್ಯರೊಬ್ಬರು ಈ ದೀಪದ ಕಾಟ ತಾಳಲಾರದೆ ಸೆನ್ಸರಿನ ವೈರನ್ನೇ ಕಿತ್ತು ಬಿಟ್ಟಿದ್ದರು. ಕೆಲವು ತಿಂಗಳ ಬಳಿಕ ತೋಟದ ದಾರಿಯಲ್ಲಿ ಕಲ್ಲು ತಾಗಿ ಆಯಿಲ್ ಚೇಂಬರ್ ಒಡೆಯಿತು. ಆಯಿಲ್ ಪೂರಾ ಸೋರಿದರೂ ದೀಪ ಹತ್ತಲಿಲ್ಲ. ಏರು ಹತ್ತುವ ಮೊದಲೇ ಎಂಜಿನ್ ಸೀಜ್ ಆಯಿತು. ಕೆಲವು ನೂರು ರೂಪಾಯಿಯ ಬಿಡಿಭಾಗದ ಬದಲು ಎಂಜಿನ್ ಪೂರ್ತಿ ಬಿಚ್ಚಿ ಕೆಲಸ ಮಾಡಿಸಬೇಕಾಯಿತು.

ದೀಪ ಹೇಳುವುದೇನು?

ಹೆಚ್ಚಿನವರು ಈ ದೀಪ ಆಯಿಲಿನ ಮಟ್ಟವನ್ನು ತೋರಿಸುತ್ತದೆಂದು ತಿಳಿದಿದ್ದಾರೆ. ಅದು ತೋರಿಸುವುದು ಮಟ್ಟವನ್ನಲ್ಲ, ಒತ್ತಡವನ್ನು. ಎಂಜಿನ್ ಬ್ಲಾಕಿಗೆ ತಿರುಗಿಸಿ ಕೂರಿಸಿದ ಪುಟ್ಟ ಸ್ವಿಚ್ಚಿನೊಳಗೆ ಒಂದು ತೆಳು ಪೊರೆ ಇರುತ್ತದೆ. ಆಯಿಲಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಕಿಲೋಗ್ರಾಂಗಿಂತ ಕೆಳಗಿಳಿದರೆ ಸ್ವಿಚ್ಚು ಕೂಡಿಕೊಂಡು ದೀಪ ಉರಿಯುತ್ತದೆ. ಒತ್ತಡ ಏರಿದಾಗ ಸ್ವಿಚ್ಚು ಬಿಟ್ಟುಕೊಂಡು ದೀಪ ಆರುತ್ತದೆ.

ಎಂಜಿನ್ ಹೊರೆ ಎಳೆಯುವಾಗ ಬೇಕಾಗುವ ಒತ್ತಡ ಇದರ ಹಲವು ಪಟ್ಟು ಹೆಚ್ಚು. ಆದ್ದರಿಂದ ದೀಪ ಆರಿದೆಯೆಂದರೆ ಎಲ್ಲವೂ ಸರಿಯಿದೆ ಎಂದಲ್ಲ. ದೀಪ ಉರಿದಿದೆಯೆಂದರೆ ಅದು ಮೊದಲ ಎಚ್ಚರಿಕೆಯಲ್ಲ, ಕೊನೆಯದು. ಓಡುತ್ತಿರುವಾಗ ಹತ್ತಿದರೆ ಒಡನೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸತಕ್ಕದ್ದು. "ಮನೆ ಇನ್ನು ಒಂದೇ ಮೈಲಿ" ಎಂಬ ಲೆಕ್ಕ ಇಲ್ಲಿ ಸಲ್ಲದು.

ಮೊದಲು ಡಿಪ್‌ಸ್ಟಿಕ್

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ನೋಡಬೇಕು. ಇಳಿಜಾರಿನ ಅಂಗಳದಲ್ಲಿ ನೋಡಿದ ಅಳತೆ ಸುಳ್ಳು ಹೇಳುತ್ತದೆ.

ಮಟ್ಟ ಕಡಿಮೆಯಿದ್ದರೆ ಅದೇ ಕಾರಣವಿರಬಹುದು. ಕಡಿದಾದ ಏರಿನಲ್ಲಿ ಅಥವಾ ತಿರುವಿನಲ್ಲಿ ಮಾತ್ರ ದೀಪ ಮಿನುಗಿದರೆ, ಇರುವ ಅಲ್ಪ ಆಯಿಲ್ ಒಂದು ಬದಿಗೆ ವಾಲಿ ಪಂಪಿನ ಬಾಯಿಗೆ ಸಿಗುತ್ತಿಲ್ಲವೆಂದು ತಿಳಿಯಬೇಕು.

ಬಣ್ಣವನ್ನೂ ವಾಸನೆಯನ್ನೂ ಗಮನಿಸಿ. ಡೀಸೆಲ್ ಎಂಜಿನ್ನಿನ ಆಯಿಲ್ ಬೇಗ ಕಪ್ಪಾಗುವುದು ಸಹಜ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ. ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬರುತ್ತಿದ್ದರೆ ಇಂಧನ ಬೆರೆತು ಆಯಿಲ್ ತೆಳುವಾಗಿದೆ. 2020ರ ಏಪ್ರಿಲ್‌ನಿಂದ ಜಾರಿಯಾದ ಬಿ.ಎಸ್. 6 ನಿಯಮದ ಡೀಸೆಲ್ ವಾಹನಗಳಲ್ಲಿ, ಹೊಗೆ ಸೋಸುವ ಫಿಲ್ಟರ್ ತನ್ನ ಮಸಿ ಸುಟ್ಟುಕೊಳ್ಳುವ ಮೊದಲೇ ಪದೇ ಪದೇ ಎಂಜಿನ್ ಆರಿಸಿದರೂ ಹೀಗಾಗುವುದುಂಟು. ತೋಟದೊಳಗಿನ ಗಿಡ್ಡ ಓಡಾಟದವರು ಇದನ್ನು ನೆನಪಿಡಬೇಕು. ನೀರಾಗಲಿ ಡೀಸೆಲ್ಲಾಗಲಿ ಸೇರಿದ್ದರೆ ಎಂಜಿನ್ ಚಾಲೂ ಮಾಡದೆ ಮೆಕ್ಯಾನಿಕ್ಕನ್ನು ಕರೆಸುವುದು ಲೇಸು.

ಆಮೇಲೆ ವೈರು ಮತ್ತು ಸ್ವಿಚ್ಚು

ಈ ಪರೀಕ್ಷೆ ಸ್ವಿಚ್ಚಿಗೆ ಒಂದೇ ವೈರು ಇರುವ ವಾಹನಗಳಿಗೆ ಮಾತ್ರ. ಗೇರು ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ, ಎಂಜಿನ್ ತಣ್ಣಗಿರಲಿ. ಎಂಜಿನ್ ಚಾಲೂ ಮಾಡುವ ಅಗತ್ಯವೇ ಇಲ್ಲ.

1. ಚಾವಿ ಮಾತ್ರ ತಿರುಗಿಸಿ. ದೀಪ ಉರಿಯಬೇಕು. ಉರಿದರೆ 2ನೆಯ ಹಂತಕ್ಕೆ, ಉರಿಯದಿದ್ದರೆ 3ನೆಯ ಹಂತಕ್ಕೆ ಹೋಗಿ.

2. ಸ್ವಿಚ್ಚಿನ ವೈರನ್ನು ಕಳಚಿ, ಯಾವ ಲೋಹಕ್ಕೂ ತಾಗದಂತೆ ಹಿಡಿಯಿರಿ. ದೀಪ ಆರಬೇಕು. ಆರದಿದ್ದರೆ ವೈರು ದಾರಿಯಲ್ಲೆಲ್ಲೋ ಸುಲಿದು ಬಾಡಿಗೆ ತಾಗುತ್ತಿದೆ. ಶೆಡ್ಡಿನಲ್ಲಿ ನಿಲ್ಲುವ ವಾಹನಗಳಿಗೆ ಇಲಿಯ ಕಾಟ ಇದ್ದದ್ದೇ. ವೈರನ್ನು ಉದ್ದಕ್ಕೂ ನೋಡಿ.

3. ಚಾವಿ ತಿರುಗಿಸಿದಾಗ ದೀಪ ಉರಿಯದಿದ್ದರೆ, ಕಳಚಿದ ವೈರಿನ ತುದಿಯನ್ನು ಬ್ಲಾಕಿನ ಬರಿಯ ಲೋಹಕ್ಕೆ ತಾಗಿಸಿ. ಆಗ ಉರಿದರೆ ಸ್ವಿಚ್ಚು ಕೆಟ್ಟಿದೆ, ಇಲ್ಲವೇ ಅದರ ತುದಿಗೆ ಕಿಲುಬು ಹಿಡಿದಿದೆ. ಆಗಲೂ ಉರಿಯದಿದ್ದರೆ ಬಲ್ಬು, ಫ್ಯೂಸು ಅಥವಾ ತುಂಡಾದ ವೈರು ಕಾರಣ.

ಮಳೆಗಾಲ ಮುಗಿದ ಮೇಲೆ ಈ ತುದಿಯ ಕೆಸರು, ಕಿಲುಬು ತೆಗೆದು ಶುಚಿ ಮಾಡುವುದು ಒಳ್ಳೆಯದು. ಸ್ವಿಚ್ಚಿನ ಮೂತಿಯಲ್ಲೇ ಆಯಿಲ್ ಜಿನುಗುತ್ತಿದ್ದರೆ ಒಳಗಿನ ಪೊರೆ ಹರಿದಿದೆ, ಬದಲಿಸಬೇಕು. ಹೊಸದನ್ನು ಹಾಕುವಾಗ ಮರೆಗಳಿಗೆ ಟೇಪು ದಪ್ಪವಾಗಿ ಸುತ್ತಬಾರದು. ಒಂಟಿ ವೈರಿನ ಸ್ವಿಚ್ಚಿಗೆ ಆ ಮರೆಗಳ ಮೂಲಕವೇ ಅರ್ತ್ ಸಿಗಬೇಕು. ವಿಪರೀತ ಬಿಗಿಯುವುದೂ ಬೇಡ.

ಸೆನ್ಸರಿಗೆ ಮೂರು ವೈರುಗಳಿರುವ ಹೊಸ ವಾಹನಗಳಲ್ಲಿ ವೈರನ್ನು ಬ್ಲಾಕಿಗೆ ತಾಗಿಸಿ ನೋಡಲೇಬಾರದು. ಕಂಪ್ಯೂಟರ್ ಭಾಗ ಹಾಳಾದೀತು. ಅಂಥವಕ್ಕೆ ಸ್ಕ್ಯಾನರ್ ಹಚ್ಚಿಸಬೇಕು. ಪಿ 0520ರಿಂದ ಪಿ 0523ರವರೆಗಿನ ಸಂಕೇತಗಳು ಸೆನ್ಸರ್ ಅಥವಾ ಅದರ ವೈರಿನತ್ತ ಬೆರಳು ತೋರಿಸುತ್ತವೆ. ಪಿ 0524 ಬಂದರೆ ಒತ್ತಡವೇ ಕಡಿಮೆಯೆಂದು ಅರ್ಥ.

ತೀರ್ಪು ಕೊಡುವುದು ಮೀಟರು

ಆಯಿಲ್ ಮಟ್ಟ ಸರಿಯಿದೆ, ವೈರು ಸರಿಯಿದೆ, ಆದರೂ ಎಂಜಿನ್ ಓಡುವಾಗ ದೀಪ ಆರುವುದಿಲ್ಲ. ಇಲ್ಲಿಗೆ ಬಂದಾಗ ಎರಡೇ ಸಾಧ್ಯತೆ: ಸ್ವಿಚ್ಚು ಕೆಟ್ಟಿದೆ, ಇಲ್ಲವೇ ಒತ್ತಡ ನಿಜವಾಗಿಯೂ ಇಲ್ಲ. ಕಣ್ಣಿನಿಂದಾಗಲಿ ಕಿವಿಯಿಂದಾಗಲಿ ಇದನ್ನು ನಿರ್ಧರಿಸಲಾಗದು. ಸ್ವಿಚ್ಚನ್ನು ಬಿಚ್ಚಿ ಅದೇ ತೂತಿಗೆ ಒತ್ತಡದ ಮೀಟರು ಹಾಕಿ, ಎಂಜಿನ್ ತಣ್ಣಗಿದ್ದಾಗಲೂ ಬಿಸಿಯಾದ ಮೇಲೂ ನೋಡಬೇಕು. ಬಿಸಿ ಎಂಜಿನ್ನಿನಲ್ಲಿ ಸಾವಿರ ಸುತ್ತಿಗೆ ಚದರ ಅಂಗುಲಕ್ಕೆ 10 ಪೌಂಡ್ ಎಂಬುದು ಮೆಕ್ಯಾನಿಕ್ಕುಗಳ ಸ್ಥೂಲ ಲೆಕ್ಕ. ಆಯಾ ವಾಹನದ ಕೈಪಿಡಿಯಲ್ಲಿ ಕೊಟ್ಟ ಅಂಕಿಯೇ ಪ್ರಮಾಣ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಕುಸಿದರೆ ಬೇರಿಂಗ್ ಸವೆದಿರಬಹುದು ಅಥವಾ ಆಯಿಲ್ ತೆಳುವಾಗಿರಬಹುದು. ಮೊದಲಿನಿಂದಲೇ ಇಲ್ಲದಿದ್ದರೆ ಪಂಪು ಅಥವಾ ಚೇಂಬರಿನೊಳಗಿನ ಜಾಲರಿಯನ್ನು ಶಂಕಿಸಬೇಕು. ದೀಪ ಆರಲೆಂದು ಬರಿದೇ ದಪ್ಪ ಆಯಿಲ್ ತುಂಬುವುದು ರೋಗವನ್ನು ಮುಚ್ಚಿಟ್ಟ ಹಾಗೆಯೇ ಸರಿ.

ಅಡಿಕೆ ಮರದ ಗರಿ ಹಳದಿಯಾದರೆ ಅದಕ್ಕೆ ಹಸಿರು ಬಣ್ಣ ಬಳಿಯುವವರು ನಮ್ಮಲ್ಲಿ ಯಾರೂ ಇಲ್ಲ; ಬುಡ ಬಿಡಿಸಿ ನೋಡುತ್ತೇವೆ, ನೀರು ನಿಂತಿದೆಯೋ ಬೇರು ಕೊಳೆತಿದೆಯೋ ಎಂದು ಪರೀಕ್ಷಿಸುತ್ತೇವೆ. ಆಯಿಲ್ ದೀಪಕ್ಕೂ ಅದೇ ನ್ಯಾಯ. ಕೊಯ್ಲಿನ ಮುಂಚೆ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಚಾವಿ ತಿರುಗಿಸಿ ದೀಪ ಉರಿಯುತ್ತದೆಯೇ, ಎಂಜಿನ್ ಚಾಲೂ ಆದ ಕೆಲವೇ ಸೆಕೆಂಡಿನಲ್ಲಿ ಆರುತ್ತದೆಯೇ ಎಂದು ಎಲ್ಲ ಸದಸ್ಯರೂ ನೋಡಿಕೊಳ್ಳಬೇಕೆಂದು ಕೋರುತ್ತೇವೆ. ಆಳುಗಳನ್ನು ಕೂರಿಸಿಕೊಂಡು ಘಾಟಿ ಇಳಿಯುವ ವಾಹನಗಳಂತೂ ಈ ಪರೀಕ್ಷೆಯಾಗದೆ ಶೆಡ್ಡಿನಿಂದ ಹೊರಡಬಾರದು.