ದೇವರ ವಾಕ್ಯ ಬಾಯಿಪಾಠ ಮಾಡೋಣ ಬನ್ನಿ



ಹೋದ ತಿಂಗಳು ಸಂಘದ ಸಭೆ ಮುಗಿದ ಮೇಲೆ ಒಬ್ಬ ಸದಸ್ಯೆ ನಮ್ಮನ್ನು ಕೇಳಿದರು: "ಸಿಸ್ಟರ್, ನಂಗೆ ಸಹಿ ಮಾಡೋಕೆ ಮಾತ್ರ ಬರುತ್ತೆ, ಬೈಬಲ್ ಓದೋಕೆ ಬರಲ್ಲ. ನಾನು ದೇವರಿಗೆ ಹತ್ತಿರ ಆಗೋದು ಹೆಂಗೆ?" ಈ ಪ್ರಶ್ನೆಯನ್ನೇ ಈ ಸಲದ ಪಾಠವಾಗಿ ತೆಗೆದುಕೊಂಡಿದ್ದೇವೆ. ಸಂಘದಲ್ಲಿರುವ ಬೇರೆ ಧರ್ಮದ ಅಕ್ಕತಂಗಿಯರು ಇದನ್ನು ಒತ್ತಾಯ ಎಂದು ತಿಳಿಯಬೇಡಿ. ಅಕ್ಷರ ಕಲಿಯದ ನಿಮ್ಮ ಅಜ್ಜಿಯರೂ ಎಷ್ಟೊಂದು ವಚನ, ಸೋಬಾನೆ ಪದ ನೆನಪಿಟ್ಟುಕೊಂಡಿದ್ದರು ಅಲ್ಲವೇ?

ಯೇಸುಸ್ವಾಮಿಯ ಕಾಲದಲ್ಲಿ ಮನೆಮನೆಗೆ ಬೈಬಲ್ ಇರಲಿಲ್ಲ. ಪವಿತ್ರ ಗ್ರಂಥವನ್ನು ಕೈಯಿಂದ ಸುರುಳಿಗಳಲ್ಲಿ ಬರೆಯುತ್ತಿದ್ದರು. ಪ್ರಾರ್ಥನಾಮಂದಿರದಲ್ಲಿ ಒಬ್ಬರು ಓದಿದರೆ ಉಳಿದವರು ಕೇಳಿಸಿಕೊಳ್ಳುತ್ತಿದ್ದರು. ಕೀರ್ತನೆ 119ರಲ್ಲಿ 176 ವಾಕ್ಯಗಳಿವೆ. ಹಿಬ್ರೂ ಭಾಷೆಯ 22 ಅಕ್ಷರಗಳಿಗೆ ತಲಾ 8 ವಾಕ್ಯದಂತೆ ವರ್ಣಮಾಲೆಯ ಕ್ರಮದಲ್ಲೇ ಅದನ್ನು ಜೋಡಿಸಿದ್ದಾರೆ. ನೆನಪಿಗೆ ಎಷ್ಟು ಅನುಕೂಲ ನೋಡಿ! ಕನ್ನಡಕ್ಕೆ ಬಂದಾಗ ಆ ಜೋಡಣೆ ಉಳಿಯಲಿಲ್ಲ, ಪಾಪ.

ಮರಿಯ ಮಾತೆ ಎಲಿಸಬೇತಮ್ಮನ ಮನೆಯಲ್ಲಿ ಹಾಡಿದ ಸ್ತುತಿ ಲೂಕನ ಶುಭಸಂದೇಶದ 1ನೇ ಅಧ್ಯಾಯದಲ್ಲಿದೆ. 1 ಸಮುವೇಲ 2ನೇ ಅಧ್ಯಾಯದಲ್ಲಿ ಹನ್ನಳ ಹಾಡಿದೆ. ಹನ್ನಳು ಯಾರು? ಮಕ್ಕಳಿಲ್ಲ ಎಂದು ಸವತಿಯಿಂದ ಚುಚ್ಚುಮಾತು ಕೇಳಿ ಕಣ್ಣೀರು ಹಾಕಿದ ಹೆಂಗಸು. ಎರಡೂ ಹಾಡುಗಳನ್ನು ಯಾರಿಂದಲಾದರೂ ಓದಿಸಿ ಕೇಳಿ. ಹಸಿದವರ ಹೊಟ್ಟೆ ತುಂಬುವುದು, ಬಲಾಢ್ಯರು ಕೆಳಗಿಳಿಯುವುದು, ಬಡವರು ಮೇಲೇಳುವುದು ಎರಡರಲ್ಲೂ ಬರುತ್ತದೆ. ಹನ್ನಳ ಹಾಡು ಮರಿಯಮ್ಮನ ಮನಸ್ಸಿನಲ್ಲಿ ಮೊದಲೇ ಇತ್ತು, ಹಾಗಾಗಿಯೇ ಬೇಕಾದ ಹೊತ್ತಿಗೆ ಬಾಯಿಗೆ ಬಂತು ಎಂದು ನಾವು ನಂಬುತ್ತೇವೆ.

ಆದರೆ ಬಾಯಿಪಾಠ ಮಾಡಿದ ಮಾತ್ರಕ್ಕೆ ದೇವರು ಹತ್ತಿರ ಆಗಿಬಿಡುತ್ತಾರೆಯೇ? ಇಲ್ಲಿ ನಮ್ಮದೇ ಒಂದು ತಪ್ಪು ಹೇಳಬೇಕು. ಕೆಲವು ವರ್ಷಗಳ ಹಿಂದೆ ಬೈಬಲ್ ವಾಕ್ಯಗಳ ಸ್ಪರ್ಧೆ ಇಟ್ಟಿದ್ದೆವು. ಬಹುಮಾನ ಸ್ಟೀಲ್ ಬಿಂದಿಗೆ. ಒಬ್ಬರು 30 ವಾಕ್ಯ ಗಡಗಡ ಹೇಳಿ ಗೆದ್ದರು. ಮುಂದಿನ ವಾರವೇ, ಸಾಲದ ಕಂತು ಕಟ್ಟಲಾಗದ ಒಬ್ಬ ವಿಧವೆಯನ್ನು ಅವರೇ ಎಲ್ಲರೆದುರು ಹೀಯಾಳಿಸಿದರು. ಅವರನ್ನು ದೂರಿ ಏನು ಪ್ರಯೋಜನ? ವಾಕ್ಯಗಳನ್ನು ಉಳಿತಾಯದ ಹಣದ ಹಾಗೆ ಎಣಿಸಿದವರು ನಾವು. ಮತ್ತಾಯನ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಯೇಸು ಮೂರು ಸಲವೂ ಧರ್ಮೋಪದೇಶಕಾಂಡದ ಮಾತಿನಿಂದಲೇ ಸೈತಾನನಿಗೆ ಉತ್ತರ ಕೊಡುತ್ತಾರೆ. ಸೈತಾನನೂ ಕೀರ್ತನೆ 91ರ ಮಾತನ್ನು ಹೇಳುತ್ತಾನೆ! ಆ ಸ್ಪರ್ಧೆಯನ್ನು ನಾವು ಮತ್ತೆ ಇಡಲಿಲ್ಲ.

ಇನ್ನೊಬ್ಬ ಸದಸ್ಯೆಗೆ ಬರುತ್ತಿದ್ದುದು ಕೀರ್ತನೆ 23 ಒಂದೇ, ಅದೂ ಅರ್ಧ. ಗಂಡನನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಿದಾಗ ಬೈಬಲ್ ಮನೆಯಲ್ಲೇ ಉಳಿಯಿತು. ವರಾಂಡದಲ್ಲಿ ಕೂತು ಆ ಅರ್ಧವನ್ನೇ ಹೇಳಿದರು. ಬೆಳಗಿನ ಜಾವ ಗಂಡ ತೀರಿಕೊಂಡರು. ಆಮೇಲೆ ಒಂದು ದಿನ ಹೇಳಿದರು: "ಸಿಸ್ಟರ್, ಮೊದ್ಲು ಪಾಠ ಒಪ್ಪಿಸಿದ ಹಾಗೆ ಹೇಳ್ತಿದ್ದೆ. ಆಮೇಲೆ ಯಾವಾಗಲೋ ದೇವರ ಹತ್ರಾನೇ ಮಾತಾಡ್ತಿದ್ದೆ. ಜಗಳಾನೂ ಆಡಿದೆ."

ನಾವು ಮನೆಗೆ ಬಂದು ಕೀರ್ತನೆ ತೆರೆದು ನೋಡಿದೆವು. ಮೊದಲ ಮೂರು ವಾಕ್ಯಗಳಲ್ಲಿ ದೇವರನ್ನು 'ಆತ' ಎಂದು ಮೂರನೆಯವರಂತೆ ಹೇಳಿದೆ. ಕತ್ತಲೆಯ ಕಣಿವೆ ಬರುವ 4ನೇ ವಾಕ್ಯದಲ್ಲಿ ಅದೇ ಮಾತು 'ನೀನು' ಎಂದು ತಿರುಗುತ್ತದೆ. ಎಷ್ಟೋ ವರ್ಷ ಓದಿಯೂ ನಮಗೆ ಇದು ಕಂಡಿರಲಿಲ್ಲ. ಸಹಿ ಮಾತ್ರ ಬರುವ ಆ ತಾಯಿ ತೋರಿಸಿಕೊಟ್ಟರು.

ಆದ್ದರಿಂದ ಈ ಸಲ ಸ್ಪರ್ಧೆ ಇಲ್ಲ, ಬಿಂದಿಗೆಯೂ ಇಲ್ಲ. ವಾರಕ್ಕೆ ಒಂದೇ ವಾಕ್ಯ. ಓದು ಬರುವವರು ಸಭೆಯಲ್ಲಿ ನಿಧಾನವಾಗಿ ಮೂರು ಸಲ ಓದಲಿ, ಉಳಿದವರು ತುಂಡು ತುಂಡಾಗಿ ಹೇಳಲಿ. ಮನೆಯಲ್ಲಿ ಮಕ್ಕಳಿಂದ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ. ಪಾತ್ರೆ ತೊಳೆಯುವಾಗ, ಕೂಲಿಗೆ ನಡೆಯುವಾಗ, ಮಲಗುವ ಮುಂಚೆ ಹೇಳಿಕೊಳ್ಳಿ. ಮರೆತರೆ ಮರೆತಲ್ಲಿಂದಲೇ ಸ್ವಂತ ಮಾತಿನಲ್ಲಿ ದೇವರ ಜೊತೆ ಮಾತಾಡಿ. ಮುಂದಿನ ವಾರ "ಎಷ್ಟು ಬಂತು?" ಎಂದು ಯಾರೂ ಕೇಳಬಾರದು. "ಯಾವ ಹೊತ್ತಿನಲ್ಲಿ ನೆನಪಾಯಿತು?" ಎಂದು ಕೇಳಿ.

ಕೀರ್ತನೆ 23ರ ಮೊದಲ ವಾಕ್ಯದಿಂದ ಶುರುಮಾಡೋಣ. ಪ್ರಶ್ನೆ ಕೇಳಿದ ಸದಸ್ಯೆಯೇ ಮೊದಲು ಹೇಳಲಿ.